ಮೂರು ಬ್ರ್ಯಾಂಡ್, ಒಂದೇ ಸಂಬಳದ ಪಟ್ಟಿ: ಎರಡು ವರ್ಷ ಬಳಸಿದ ಪೇರೋಲ್ ಸಾಫ್ಟ್‌ವೇರ್ ಬಗ್ಗೆ

ನಮ್ಮ ಕಂಪನಿಯಲ್ಲಿ ಮೂರು ಬಣ್ಣದ ಶರ್ಟುಗಳಿವೆ. ಹೋಟೆಲಿನವರಿಗೆ ಕೆಂಪು, ಬೇಕರಿಯವರಿಗೆ ಹಳದಿ, ಮಸಾಲೆ ಪುಡಿ ಘಟಕದವರಿಗೆ ಹಸಿರು. ದಾವಣಗೆರೆಯ ಜನಕ್ಕೆ ಇವು ಮೂರು ಬೇರೆ ಬೇರೆ ವ್ಯಾಪಾರ. ಬೋರ್ಡು ಬೇರೆ, ಡಬ್ಬಿ ಬೇರೆ, ಕೈಚೀಲದ ಮೇಲಿನ ಹೆಸರು ಬೇರೆ. ಆದರೆ ಮೂರರ ಹಿಂದೆ ಇರುವುದು ಒಂದೇ ಪ್ರೈವೇಟ್ ಲಿಮಿಟೆಡ್ ಕಂಪನಿ. ಒಂದೇ ಪ್ಯಾನ್, ಒಂದೇ ಪಿಎಫ್ (ಭವಿಷ್ಯ ನಿಧಿ) ಕೋಡ್. ಒಟ್ಟು 186 ಜನ. ಒಂಬತ್ತು ವರ್ಷದಿಂದ ಇವರ ಸಂಬಳ ಮಾಡುವವಳು ನಾನು.

2024ರ ಏಪ್ರಿಲ್ 1ರಿಂದ ಇಂಟರ್ನೆಟ್ ಮೇಲೆ ನಡೆಯುವ ಒಂದು ಪೇರೋಲ್ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಈಗ ಎರಡು ವರ್ಷ ಆಗುತ್ತಾ ಬಂತು. ಅದರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನಮಗೆ ಆದ ತೊಂದರೆಗಳನ್ನೂ ಬಿಚ್ಚಿ ಬರೆಯಬೇಕು ಅಂತಿದ್ದೇನೆ, ಮತ್ತು ಅವರೊಂದಿಗೆ ನಮ್ಮ ಒಪ್ಪಂದ ಇನ್ನೂ ನಡೆಯುತ್ತಿದೆ. ಹೆಸರಿಗಿಂತ ಏನು ನೋಡಿ ಕೊಳ್ಳಬೇಕು ಅನ್ನುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ನಾವು ಎಲ್ಲಿದ್ದೆವು ಅಂತ ಹೇಳಬೇಕು. ಮೂರು ಬ್ರ್ಯಾಂಡ್‌ಗೆ ಮೂರು ಎಕ್ಸೆಲ್ ಪಟ್ಟಿ ಇದ್ದವು. ಹೋಟೆಲಿನದನ್ನು ಅಲ್ಲಿನ ಕ್ಯಾಷಿಯರ್ ತುಂಬುತ್ತಿದ್ದರು. ಬೇಕರಿಯದನ್ನು ಅಲ್ಲಿನ ಮೇಲ್ವಿಚಾರಕರು, ಮಸಾಲೆ ಘಟಕದ್ದನ್ನು ಸ್ಟೋರ್ ನೋಡಿಕೊಳ್ಳುವವರು. ತಿಂಗಳ 1ನೇ ತಾರೀಖಿಗೆ ಮೂರೂ ನನ್ನ ಮೇಜಿಗೆ ಬರುತ್ತಿದ್ದವು. ನಾನು ಸೇರಿಸಿ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟುತ್ತಿದ್ದೆ. ಯಾರೂ ಅವರವರ ಜಾಗ ಬಿಟ್ಟು ಅಲ್ಲಾಡದಿದ್ದರೆ ಇದು ನಡೆಯುತ್ತದೆ. ನಮ್ಮಲ್ಲಿ ಜನ ಅಲ್ಲಾಡುತ್ತಲೇ ಇರುತ್ತಾರೆ. ದಸರಾ ದೀಪಾವಳಿ ಬಂದರೆ ಬೇಕರಿಗೆ ಕೈ ಸಾಲುವುದಿಲ್ಲ, ಹೋಟೆಲಿನ ಹುಡುಗರು ಅಲ್ಲಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಹುರಿಯುವ ಕಾಲ. ಆಗ ಬೇಕರಿ ಪ್ಯಾಕಿಂಗ್‌ನ ಹೆಣ್ಣುಮಕ್ಕಳು ಹಸಿರು ಶರ್ಟ್ ಹಾಕುತ್ತಾರೆ.

2022ರಲ್ಲಿ ಒಬ್ಬ ಹುಡುಗ ಹೀಗೇ ಬೇಕರಿಯಿಂದ ಮಸಾಲೆ ಘಟಕಕ್ಕೆ ಹೋದ. ಜುಲೈ 13ರಂದು. ಬೇಕರಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಬಿಟ್ಟಿದ್ದಾನೆ’ ಅಂತ ಬರೆದರು. ಘಟಕದವರು ಜುಲೈ ಲೆಕ್ಕ ಬೇಕರಿಯವರೇ ಕೊಡುತ್ತಾರೆ ಅಂದುಕೊಂಡು ಆಗಸ್ಟ್‌ನಿಂದ ಹೆಸರು ಸೇರಿಸಿದರು. ಜುಲೈ ಸಂಬಳವನ್ನು ಸಾಹುಕಾರರು ಪಟ್ಟಿಯ ಹೊರಗೆ, ವೋಚರ್ ಮೇಲೆ ಕೊಟ್ಟರು. ಹುಡುಗನಿಗೆ ದುಡ್ಡು ಬಂತು, ಅವನೂ ಸುಮ್ಮನಾದ. ಆದರೆ ಆ ತಿಂಗಳ ಇಎಸ್‌ಐ ಚಲನ್‌ನಲ್ಲಿ ಅವನ ಹೆಸರೇ ಇರಲಿಲ್ಲ.

ಅದರ ಪೆಟ್ಟು ಬಿದ್ದದ್ದು ಮುಂದಿನ ಫೆಬ್ರವರಿಯಲ್ಲಿ. ಅವನಿಗೆ ಕಾಮಾಲೆ ಆಯಿತು. ಮೂರು ವಾರ ಏಳಲಿಲ್ಲ. ಇಎಸ್‌ಐನಲ್ಲಿ ಹುಷಾರಿಲ್ಲದ ದಿನಗಳಿಗೆ ಕೂಲಿಯ 70% ಸಿಗುತ್ತದೆ, ಮೊದಲ ಎರಡು ದಿನ ಬಿಟ್ಟು. ಆದರೆ ಅದಕ್ಕೊಂದು ಲೆಕ್ಕ ಇದೆ. ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಬೇಕಿದ್ದರೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಈ ಹುಡುಗ ಏಪ್ರಿಲ್, ಮೇ ಎರಡೂ ತಿಂಗಳು ಅಪ್ಪನಿಗೆ ಹುಷಾರಿಲ್ಲ ಅಂತ ಊರಲ್ಲಿದ್ದ. ಜೂನ್‌ನಲ್ಲಿ 20 ದಿನ, ಆಗಸ್ಟ್‌ನಲ್ಲಿ 26, ಸೆಪ್ಟೆಂಬರ್‌ನಲ್ಲಿ 24. ಒಟ್ಟು 70. ಎಂಟು ದಿನ ಕಡಿಮೆ. ಕಳೆದುಹೋದ ಜುಲೈನಲ್ಲಿ ಅವನು ದುಡಿದದ್ದು 25 ದಿನ.

ಅವನ ತಾಯಿ ಆಫೀಸಿಗೆ ಬಂದರು. ‘ಅಕ್ಕಾರ, ನನ್ನ ಮಗ ಒಂದಿನಾನೂ ಬಿಟ್ಟಿಲ್ರಿ, ಬಿಟ್ಟಾನ ಅಂತ ಯಾರು ಬರದ್ರು?’ ಅಂದರು. ನನಗೆ ಉತ್ತರ ಇರಲಿಲ್ಲ. ತಪ್ಪು ನಮ್ಮ ಆಫೀಸಿನದೇ. ದಿನದ ಕೂಲಿ 600ರಂತೆ ಲೆಕ್ಕ ಹಾಕಿದರೆ ಅವನಿಗೆ ಬರಬೇಕಾಗಿದ್ದದ್ದು ಎಂಟು ಸಾವಿರದ ಹತ್ತಿರ. ಸಾಹುಕಾರರು ಅದನ್ನು ಕಂಪನಿಯಿಂದ ಕೊಡಿಸಿದರು. ಆದರೂ ಆ ತಾಯಿಯ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಎರಡನೆಯದು 2023ರ ಅಕ್ಟೋಬರ್. ನಮ್ಮ ಸ್ವೀಟ್ ಮಾಸ್ಟರ್ ಒಬ್ಬರ ಸಂಬಳ 28,000. ಆ ತಿಂಗಳು ಅರ್ಧ ಬೇಕರಿ, ಅರ್ಧ ಹೋಟೆಲ್ ಅಡುಗೆಮನೆ. ಎರಡು ಪಟ್ಟಿಯಲ್ಲೂ 14,000, 14,000 ಅಂತ ಹಂಚಿ ಬರೆದರು. ಪ್ರತಿ ಪಟ್ಟಿಯ ಸೂತ್ರವೂ ತನ್ನ ಮುಂದಿದ್ದ 14,000ವನ್ನು ಮಾತ್ರ ನೋಡಿತು. ಪಿಎಫ್ ನಮ್ಮಲ್ಲಿ 15,000ದ ಮಿತಿಗೆ ಕಟ್ಟುತ್ತೇವೆ, ಅಂದರೆ ಅವರಿಂದ 1,800 ಕಡಿತ ಆಗಬೇಕು. ಎರಡೂ ಕಡೆ 1,680ರಂತೆ 3,360 ಆಯಿತು. ಇಎಸ್‌ಐ 21,000ಕ್ಕಿಂತ ಮೇಲಿನವರಿಗೆ ಇಲ್ಲ, ಆದರೂ 105ರಂತೆ ಎರಡು ಸಲ 210 ಹೋಯಿತು. ವೃತ್ತಿ ತೆರಿಗೆ ಕರ್ನಾಟಕದಲ್ಲಿ ಅದೇ ವರ್ಷದ ಏಪ್ರಿಲ್‌ನಿಂದ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ಅಂತ ಆಗಿತ್ತು. ಅದು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಒಬ್ಬ ಮನುಷ್ಯನ ಒಂದು ತಿಂಗಳ ಸಂಬಳದಲ್ಲಿ ಮೂರಕ್ಕೆ ಮೂರೂ ತಪ್ಪು. ಹಬ್ಬದ ಮುಂದೆ ಮಾಸ್ಟರ್ ಕೈಗೆ ಬರಬೇಕಾದ್ದಕ್ಕಿಂತ ಒಂದೂವರೆ ಸಾವಿರಕ್ಕೂ ಮೀರಿ ಕಡಿಮೆ ಬಂತು. ‘ಏನ್ ಮೇಡಂ, ಹಬ್ಬಕ್ಕ ಜಾಸ್ತಿ ಮಾಡಿದ್ದಕ್ಕ ಕಮ್ಮಿ ಕೊಟ್ರಾ?’ ಅಂದರು. ಆ ಮಾತಿನ ಮಾರನೇ ದಿನವೇ ಸಾಹುಕಾರರ ಹತ್ತಿರ ಹೋಗಿ, ಇನ್ನು ಮೂರು ಪಟ್ಟಿ ನನ್ನಿಂದ ಆಗಲ್ಲ ಅಂದೆ.

ಬ್ರ್ಯಾಂಡ್ ಅನ್ನುವುದು ಗಿರಾಕಿಗೆ ಕಾಣುವ ಹೆಸರು. ಕಾನೂನಿಗೆ ಕಾಣುವುದು ಮಾಲೀಕ ಯಾರು ಅಂತ. 1952ರ ಪಿಎಫ್ ಕಾಯ್ದೆಯ 2ಎ ಕಲಂ ಇದನ್ನೇ ಹೇಳುತ್ತದೆ: ಒಂದು ಸಂಸ್ಥೆಯ ಬೇರೆ ಬೇರೆ ವಿಭಾಗ, ಶಾಖೆ ಎಲ್ಲ ಸೇರಿ ಒಂದೇ ಸಂಸ್ಥೆ. ಹಾಗಾಗಿ ಒಂದೇ ಕಂಪನಿಯ ಕೆಳಗೆ ಎಷ್ಟು ಬ್ರ್ಯಾಂಡ್ ಇದ್ದರೂ ಕೆಲಸಗಾರ ಒಬ್ಬನೇ, ಅವನ ಲೆಕ್ಕ ಒಂದೇ. ಸಾಫ್ಟ್‌ವೇರ್ ಇದನ್ನು ಒಪ್ಪುತ್ತದಾ ಇಲ್ಲವಾ ಅನ್ನುವುದೇ ನನಗೆ ಮೊದಲ ಪ್ರಶ್ನೆ ಆಯಿತು.

ನಾಲ್ಕು ಕಂಪನಿಯವರು ಡೆಮೊ ಕೊಟ್ಟರು. ಮೂವರು ‘ಬ್ರ್ಯಾಂಡಿಗೊಂದು ಕಂಪನಿ ಅಂತ ತೆರೆದುಬಿಡಿ ಮೇಡಂ, ಸುಲಭ’ ಅಂದರು. ಅಂದರೆ ಅದೇ ಮೂರು ಎಕ್ಸೆಲ್, ಅಂದವಾದ ಪರದೆಯ ಮೇಲೆ. ನಾಲ್ಕನೆಯವರು ಮಾತ್ರ ಕೆಲಸಗಾರನ ಪುಟ ತೆಗೆದು ತೋರಿಸಿದರು. ಅಲ್ಲಿ ಅವನಿಗೆ ಒಂದೇ ನಂಬರ್. ಬ್ರ್ಯಾಂಡ್ ಅನ್ನುವುದು ಅವನ ಪುಟದಲ್ಲಿ ಒಂದು ಸಾಲು, ‘ಈ ದಿನದಿಂದ’, ‘ಈ ದಿನದವರೆಗೆ’ ಅನ್ನುವ ಎರಡು ತಾರೀಖಿನ ಜೊತೆ. ಜುಲೈ 12ರವರೆಗೆ ಹಳದಿ, 13ರಿಂದ ಹಸಿರು. ಅಷ್ಟೇ. ನಾನು ಅಲ್ಲೇ ಕೂತು ಮಾಸ್ಟರ್‌ ಅವರ 28,000ವನ್ನು ಹಾಕಿ ನೋಡಿದೆ. ಪಿಎಫ್ 1,800, ಇಎಸ್‌ಐ ಇಲ್ಲ, ವೃತ್ತಿ ತೆರಿಗೆ 200. ಅವತ್ತೇ ಮನಸ್ಸು ಗಟ್ಟಿಯಾಯಿತು.

ಕಡಿತಗಳೆಲ್ಲ ಒಟ್ಟು ಸಂಬಳದ ಮೇಲೆ ಆಗುತ್ತವೆ. ಆಮೇಲೆ ಖರ್ಚು ಮಾತ್ರ ದಿನಗಳ ಲೆಕ್ಕದಲ್ಲಿ ಬ್ರ್ಯಾಂಡ್‌ಗಳಿಗೆ ಹಂಚಿಕೆ ಆಗುತ್ತದೆ. ಈ ಕ್ರಮ ತಿರುವುಮುರುವು ಆದರೆ ಎಲ್ಲ ಕೆಡುತ್ತದೆ. ಹಂಚಿಕೆಯಾದ ಲೆಕ್ಕ ಒಂದು ಫೈಲ್ ಆಗಿ ಬರುತ್ತದೆ, ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಮೂರು ಕಾಸ್ಟ್ ಸೆಂಟರ್‌ಗೆ, ಅಂದರೆ ಬ್ರ್ಯಾಂಡಿಗೊಂದು ಖರ್ಚಿನ ಖಾತೆಗೆ, ಅದನ್ನು ಹಾಕಿಕೊಳ್ಳುತ್ತೇನೆ. ಮುಖ್ಯವಾಗಿ ಕಂಪನಿ ಕಟ್ಟುವ ಪಾಲೂ ಹಂಚಿಕೆ ಆಗುತ್ತದೆ. ಪಿಎಫ್‌ನಲ್ಲಿ ಕಂಪನಿಯ 12%, ಅದರಲ್ಲಿ 8.33% ಪಿಂಚಣಿಗೆ, ಅದೂ ಹೆಚ್ಚೆಂದರೆ 1,250. ಇಎಸ್‌ಐನಲ್ಲಿ ಕಂಪನಿಯದು 3.25%. ಮೊದಲು ಇದನ್ನೆಲ್ಲ ಹೋಟೆಲಿನ ಖಾತೆಗೇ ಬರೆಯುತ್ತಿದ್ದೆವು, ಬ್ಯಾಂಕ್ ಖಾತೆ ಹೋಟೆಲಿನ ಹೆಸರಲ್ಲಿ ಶುರುವಾಗಿತ್ತು ಅಂತ. ಮೊದಲ ಸಲ ಸರಿಯಾಗಿ ಹಂಚಿದ ತಿಂಗಳು ಸಾಹುಕಾರರು ಆ ಹಾಳೆ ಹಿಡಿದು ಬಹಳ ಹೊತ್ತು ಕೂತಿದ್ದರು. ಲಾಭದಲ್ಲಿದೆ ಅಂದುಕೊಂಡಿದ್ದ ಮಸಾಲೆ ಘಟಕ ನಿಜಕ್ಕೂ ಕೂಲಿ ಖರ್ಚಿಗೇ ಏದುಸಿರು ಬಿಡುತ್ತಿತ್ತು. ಆ ವರ್ಷ ಪುಡಿ ಪೊಟ್ಟಣದ ಬೆಲೆ ಬದಲಾಯಿಸಿದ್ದು ಆ ಹಾಳೆ ನೋಡಿದ ಮೇಲೆ.

ಅಡ್ವಾನ್ಸ್ ವಿಷಯ ಹೇಳಲೇಬೇಕು. ಹೋಟೆಲ್ ಕೆಲಸ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು. ದೋಸೆ ಭಟ್ಟರಿಂದ ಹಿಡಿದು ಕ್ಲೀನರ್‌ವರೆಗೆ ಮದುವೆಗೆ, ಶಾಲೆ ಫೀಸಿಗೆ, ಬೋರ್‌ವೆಲ್‌ಗೆ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆ. ಮೊದಲು ಆ ಬಾಕಿ ಆಯಾ ಅಂಗಡಿಯ ಡೈರಿಯಲ್ಲಿ ಇರುತ್ತಿತ್ತು. ಹುಡುಗ ಬೇಕರಿಗೆ ಹೋದರೆ ಡೈರಿ ಹೋಟೆಲಿನಲ್ಲೇ ಉಳಿಯುತ್ತಿತ್ತು. ಆಮೇಲೆ ಜಗಳ: ‘ನಾನು ತೀರಿಸೀನಿ’, ‘ಇಲ್ಲ, ಇನ್ನೂ ಎರಡು ಸಾವಿರ ಐತಿ’. ಈಗ ಬಾಕಿ ಅವನ ಜೊತೆಗೇ ಹೋಗುತ್ತದೆ. ಸಂಬಳ ಚೀಟಿಯಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ಎರಡು ಸಾಲು ಬರುತ್ತದೆ. ಎರಡು ವರ್ಷದಲ್ಲಿ ಅಡ್ವಾನ್ಸ್ ಬಗ್ಗೆ ನನ್ನ ಮೇಜಿನ ಮುಂದೆ ಒಂದು ಜಗಳವೂ ಆಗಿಲ್ಲ. ಬೇರೇನೂ ಮಾಡದೆ ಇದೊಂದನ್ನೇ ಮಾಡಿದ್ದರೂ ನಾನು ಈ ಸಾಫ್ಟ್‌ವೇರನ್ನು ಇಟ್ಟುಕೊಳ್ಳುತ್ತಿದ್ದೆ.

ಇನ್ನೊಂದು ಸಣ್ಣ ಸಂತೋಷ ಸಂಬಳ ಚೀಟಿಯದು. ಮೇಲೆ ಆಯಾ ಬ್ರ್ಯಾಂಡ್‌ನ ಗುರುತು ಬರುತ್ತದೆ, ಕೆಳಗೆ ಕಂಪನಿಯ ನಿಜವಾದ ಹೆಸರು, ಪಿಎಫ್ ಕೋಡ್, ಕೆಲಸಗಾರನ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್). ಮೊದಲು ಬ್ಯಾಂಕಿಗೆ ಸಾಲ ಕೇಳಲು ಹೋದವರಿಗೆ ಇದರಿಂದಲೇ ತೊಂದರೆ ಆಗುತ್ತಿತ್ತು. ಚೀಟಿ ಮೇಲೆ ಬೇಕರಿ ಹೆಸರು, ಪಾಸ್‌ಬುಕ್‌ನಲ್ಲಿ ಕಂಪನಿ ಹೆಸರು, ಪಿಎಫ್‌ನಲ್ಲಿ ಮತ್ತೊಂದು ಥರ. ‘ನೀವು ನಿಜವಾಗಿ ಎಲ್ಲಿ ಕೆಲಸ ಮಾಡ್ತೀರಿ?’ ಅಂತ ಬ್ಯಾಂಕಿನವರು ಕೇಳಿದರೆ ಪಾಪ ಅವರಾದರೂ ಏನು ಹೇಳಬೇಕು.

ಈಗ ತೊಂದರೆಗಳಿಗೆ ಬರುತ್ತೇನೆ. ಕಡಿಮೆಯೇನಿಲ್ಲ.

ಮೊದಲನೆಯದು ಕನ್ನಡ. ಚೀಟಿ ಕನ್ನಡದಲ್ಲಿ ಕೊಡುತ್ತೇವೆ ಅಂತ ಮಾರುವಾಗ ಹೇಳಿದ್ದರು. ಮೊದಲ ತಿಂಗಳು ಮುದ್ರಿಸಿದಾಗ ಒತ್ತಕ್ಷರ ಎಲ್ಲ ಕಳಚಿ ಬಿದ್ದಿತ್ತು. ‘ತುಟ್ಟಿಭತ್ಯೆ’ ಅಂತ ಇರಬೇಕಾದಲ್ಲಿ ‘ತುಟ್‌ಟಿಭತ್‌ಯೆ’. ನಮ್ಮ ಪ್ಯಾಕಿಂಗ್ ವಿಭಾಗದ ಹೆಂಗಸರಲ್ಲಿ ಅರ್ಧ ಜನ ಕನ್ನಡ ಮಾತ್ರ ಓದುತ್ತಾರೆ. ಅವರು ತಮ್ಮ ಹೆಸರನ್ನೇ ಗುರುತಿಸಲಿಲ್ಲ. ನಾನು ಸಾಫ್ಟ್‌ವೇರ್‌ನವರ ಸಹಾಯವಾಣಿಗೆ ದಿನಾ ಫೋನ್ ಮಾಡಿದೆ. ಸರಿಪಡಿಸಲು ಐದು ವಾರ ತೆಗೆದುಕೊಂಡರು. ಕರ್ನಾಟಕದಲ್ಲಿ ಮಾರುವ ಸಾಮಾನಿಗೆ ಇದು ಮೊದಲ ದಿನವೇ ಸರಿ ಇರಬೇಕಿತ್ತು. ಈಗ ಚೀಟಿ ಚೆನ್ನಾಗಿ ಬರುತ್ತದೆ, ಆದರೆ ಫೋನಿನ ಆ್ಯಪ್ ಇನ್ನೂ ಇಂಗ್ಲಿಷ್‌ನಲ್ಲೇ ಇದೆ. ಹಾಗಾಗಿ ನಾವು ಈಗಲೂ ಚೀಟಿಯನ್ನು ಕಾಗದದ ಮೇಲೆ ಕೊಡುತ್ತೇವೆ.

ಎರಡನೆಯದು ವಾರದ ಬಟವಾಡೆ. ಹೋಟೆಲಿನಲ್ಲಿ ಸಂಬಳ 1ನೇ ತಾರೀಖು, ಬೇಕರಿಯಲ್ಲಿ 5ನೇ ತಾರೀಖು. ಇವೆರಡೂ ಸಲೀಸಾಗಿ ಆಗುತ್ತವೆ. ಮಸಾಲೆ ಘಟಕದಲ್ಲಿ ಹುರಿಯುವ, ಆರಿಸುವ ಕೆಲಸದ 22 ಜನಕ್ಕೆ ಪ್ರತಿ ಶನಿವಾರ ಬಟವಾಡೆ. ವಾರದ ಸಂಬಳಕ್ಕೆ ಬೇರೆ ಯೋಜನೆ ಕೊಳ್ಳಬೇಕು ಅಂದರು. ಡೆಮೊ ದಿನ ನಾನು ಇದನ್ನು ಕೇಳಿದ್ದೆ, ಆಗ ‘ಆಗುತ್ತೆ’ ಅಂದಿದ್ದರು. ಆಗುತ್ತೆ ಅನ್ನುವುದಕ್ಕೂ ಇದೇ ದುಡ್ಡಿಗೆ ಆಗುತ್ತೆ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ನೀವು ಬರೆಸಿಕೊಳ್ಳಿ. ನಾವು ಕೊನೆಗೆ ವಾರದ ದುಡ್ಡನ್ನು ಅಡ್ವಾನ್ಸ್ ಅಂತ ತೋರಿಸಿ ತಿಂಗಳ ಕೊನೆಗೆ ಸರಿಹೊಂದಿಸುತ್ತಿದ್ದೇವೆ. ಇದು ನನಗೆ ಇಷ್ಟವಿಲ್ಲ. ದುಡಿದ ಕೂಲಿಯನ್ನು ಸಾಲ ಅಂತ ಕರೆಯುವುದು ಸರಿಯಲ್ಲ.

ಹಾಜರಿ ಯಂತ್ರದ ಕಥೆ ಬೇರೆ. ಬೆರಳಚ್ಚಿನ ಯಂತ್ರ ಜೋಡಿಸಿಕೊಟ್ಟರು. ಬೇಕರಿಯಲ್ಲಿ ಮೈದಾ, ಘಟಕದಲ್ಲಿ ಮೆಣಸಿನಪುಡಿ. ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಹಿಡಿಯುವುದೇ ಇಲ್ಲ. ಒಬ್ಬ ಹಿರಿಯ ಹೆಂಗಸು ಏಳು ಸಲ ಬೆರಳು ಇಟ್ಟು, ಆಮೇಲೆ ಸೆರಗಿಗೆ ಒರೆಸಿಕೊಂಡು ಎಂಟನೇ ಸಲ ಇಟ್ಟದ್ದನ್ನು ನಿಂತು ನೋಡಿದೆ. ಅವತ್ತೇ ಅದನ್ನು ತೆಗೆಸಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ತರಿಸಿದೆವು. ಇದು ಸಾಫ್ಟ್‌ವೇರ್‌ನವರ ತಪ್ಪಲ್ಲ. ಆದರೆ ಯಾವ ಬ್ರ್ಯಾಂಡಿನಲ್ಲಿ ಯಾವ ಥರದ ಕೆಲಸ ಅಂತ ಬಂದು ನೋಡಿದ್ದರೆ ಅವರಿಗೂ ಗೊತ್ತಾಗುತ್ತಿತ್ತು. ಯಾರಾದರೂ ಬಹು ಬ್ರ್ಯಾಂಡ್ ಕಂಪನಿಗೆ ಯಂತ್ರ ಮಾರುವುದಾದರೆ ಒಂದು ಸಲ ಮೂರೂ ಕಡೆ ಓಡಾಡಿ ನೋಡಬೇಕು.

ರಜೆ ಲೆಕ್ಕದಲ್ಲಿ ಒಂದು ನಿಜವಾದ ದೋಷ ಇತ್ತು. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆಯಲ್ಲಿ ವರ್ಷಕ್ಕೆ ಸಂಬಳ ಸಹಿತ 10 ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಐದು, ಜೊತೆಗೆ ಐದು ಹಬ್ಬ. ನಮ್ಮ ಹೋಟೆಲ್ ಯುಗಾದಿ ದಿನವೂ ತೆರೆದಿರುತ್ತದೆ, ಘಟಕ ಮುಚ್ಚಿರುತ್ತದೆ. ಹಾಗಾಗಿ ಬ್ರ್ಯಾಂಡಿಗೊಂದು ರಜೆ ಪಟ್ಟಿ ಬೇಕು, ಅದನ್ನು ಇದು ಕೊಡುತ್ತದೆ. ಹಬ್ಬದ ದಿನ ದುಡಿದವರಿಗೆ ಎರಡು ಪಟ್ಟು ಕೂಲಿ ಅಥವಾ ಬದಲಿ ರಜೆ ಅನ್ನುವ ಆಯ್ಕೆಯೂ ಇದೆ. ಆದರೆ ವರ್ಷದ ನಡುವೆ ಬ್ರ್ಯಾಂಡ್ ಬದಲಿಸಿದವರಿಗೆ ಬದಲಿ ರಜೆಯ ಬಾಕಿ ಸೊನ್ನೆ ಆಗುತ್ತಿತ್ತು. 2024ರಲ್ಲಿ 11 ಜನಕ್ಕೆ ಹೀಗೆ ಆಗಿತ್ತು. ಯಾರೂ ಕೇಳಿರಲಿಲ್ಲ. ಡಿಸೆಂಬರ್‌ನಲ್ಲಿ ನಾನೇ ಹಳೆಯ ಹಾಜರಿ ಪುಸ್ತಕ ಇಟ್ಟುಕೊಂಡು ಒಂದೊಂದೇ ತಾಳೆ ನೋಡಿದಾಗ ಸಿಕ್ಕಿತು. ಅಡ್ವಾನ್ಸ್ ಬಾಕಿ ಮನುಷ್ಯನ ಜೊತೆ ಹೋಗುತ್ತದೆ, ರಜೆ ಬಾಕಿ ಮಾತ್ರ ಯಾಕೆ ಹೋಗಲ್ಲ ಅಂತ ಕೇಳಿದೆ. ಕಂಪನಿಗೆ ಬರಬೇಕಾದ್ದು ಉಳಿಯುತ್ತದೆ, ಕೆಲಸಗಾರನಿಗೆ ಬರಬೇಕಾದ್ದು ಅಳಿಯುತ್ತದೆ ಅಂದರೆ ಹೇಗೆ? ಅವರು ಒಪ್ಪಿಕೊಂಡರು, ಎರಡು ತಿಂಗಳಲ್ಲಿ ಸರಿ ಮಾಡಿದರು. 11 ಜನಕ್ಕೂ ರಜೆ ವಾಪಸ್ ಬಂತು.

ಯಾರು ಏನು ನೋಡಬಹುದು ಅನ್ನುವುದರಲ್ಲೂ ಒಂದು ಸಲ ಎಡವಟ್ಟಾಯಿತು. ಹೋಟೆಲ್ ಮ್ಯಾನೇಜರ್‌ಗೆ ಹೋಟೆಲಿನವರು ಮಾತ್ರ ಕಾಣಬೇಕು. ಹಾಗೇ ಇಟ್ಟಿದ್ದೆವು. ಆದರೆ ಬೇರೆ ಬ್ರ್ಯಾಂಡಿನಿಂದ ಎರಡು ದಿನಕ್ಕೆ ಬಂದ ಒಬ್ಬರ ಪೂರ್ತಿ ಸಂಬಳ ಅವರಿಗೆ ಕಾಣುತ್ತಿತ್ತು. ಅದು ಊರೆಲ್ಲ ಹಬ್ಬಿತು. ಸಂಬಳದ ಮಾತು ಒಮ್ಮೆ ಹೊರಗೆ ಬಿದ್ದರೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಈಗ ಮ್ಯಾನೇಜರ್‌ಗಳಿಗೆ ಹಾಜರಿ, ರಜೆ ಮಾತ್ರ ಕಾಣುವಂತೆ ಮಾಡಿದ್ದೇನೆ. ನೀವು ಮೊದಲ ದಿನವೇ ಹೀಗೆ ಮಾಡಿ.

ಕಾನೂನು ಬದಲಾದಾಗ ಹೇಗೆ ನಡೆದುಕೊಂಡಿತು? ಇಲ್ಲಿ ಒಳ್ಳೆಯ ಅಂಕ ಕೊಡುತ್ತೇನೆ. ಪ್ರತಿ ಏಪ್ರಿಲ್‌ಗೆ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. ಹೋಟೆಲ್ ಕೆಲಸಕ್ಕೆ ಒಂದು ಪಟ್ಟಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಇನ್ನೊಂದು. ಬಹು ಬ್ರ್ಯಾಂಡ್ ಇದ್ದರೆ ಇಲ್ಲಿ ಬ್ರ್ಯಾಂಡ್ ನಿಜಕ್ಕೂ ಮುಖ್ಯ ಆಗುತ್ತದೆ, ಯಾಕೆಂದರೆ ಕೆಲಸದ ಬಗೆ ಬದಲಾದರೆ ದರವೂ ಬದಲಾಗಬಹುದು. ದರಕ್ಕಿಂತ ಕೆಳಗೆ ಇದ್ದವರ ಹೆಸರನ್ನು ಸಂಬಳ ಪಟ್ಟಿ ಮುಗಿಸುವ ಮೊದಲೇ ಕೆಂಪಿನಲ್ಲಿ ತೋರಿಸುತ್ತದೆ. ವೃತ್ತಿ ತೆರಿಗೆ ಫೆಬ್ರವರಿಯಲ್ಲಿ 200ರ ಬದಲು 300 ಅಂತ ರಾಜ್ಯ ಸರ್ಕಾರ ಮಾಡಿತಲ್ಲ, ಕಳೆದ ತಿಂಗಳು ಅದು ತಾನಾಗಿಯೇ ಕಡಿತ ಆಯಿತು. ನಾನು ಏನೂ ಮುಟ್ಟಲಿಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳಾದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ್ದನ್ನು ವೇತನಕ್ಕೆ ಸೇರಿಸಬೇಕು. ಬೇಕರಿಯ ಮಾರಾಟ ವಿಭಾಗದ ಒಂಬತ್ತು ಜನಕ್ಕೆ ಭತ್ಯೆ ಜಾಸ್ತಿ ಇತ್ತು. ಡಿಸೆಂಬರ್ ಪಟ್ಟಿ ಮಾಡುವ ಮೊದಲೇ ಅವರ ಹೆಸರು ತೆಗೆದುಕೊಟ್ಟಿತು. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು ಅನ್ನುವುದೂ ಈಗ ಇದೆ. ಮೂರು ಡೈರಿ ಕಾಲದಲ್ಲಿ ಅದು ನಮ್ಮಿಂದ ಆಗುತ್ತಲೇ ಇರಲಿಲ್ಲ.

ಬೋನಸ್ ಬಗ್ಗೆ ಒಂದು ಎಚ್ಚರಿಕೆ. ಕನಿಷ್ಠ 8.33%, ಹೆಚ್ಚೆಂದರೆ 20%. ಹೋಟೆಲ್ ಚೆನ್ನಾಗಿ ನಡೆಯಿತು, ಅವರಿಗೆ ಜಾಸ್ತಿ, ಘಟಕದವರಿಗೆ ಕಡಿಮೆ ಅಂತ ಕೊಡಬಹುದಾ ಅನ್ನುವುದು ನೀವು ಪ್ರತಿ ಘಟಕಕ್ಕೆ ಬೇರೆ ಬ್ಯಾಲೆನ್ಸ್ ಶೀಟ್ ಮಾಡುತ್ತೀರಾ ಅನ್ನುವುದರ ಮೇಲೆ ನಿಂತಿದೆ. ಸಾಫ್ಟ್‌ವೇರ್‌ನಲ್ಲಿ ಬ್ರ್ಯಾಂಡಿಗೊಂದು ಶೇಕಡಾ ಹಾಕುವ ಜಾಗ ಇದೆ. ಜಾಗ ಇದೆ ಅಂತ ತುಂಬಬೇಡಿ. ನಿಮ್ಮ ಆಡಿಟರ್‌ ಅವರನ್ನು ಕೇಳಿ. ನಮ್ಮಲ್ಲಿ ಎಲ್ಲರಿಗೂ ಒಂದೇ ದರ, ಆಯುಧ ಪೂಜೆಯ ಹಿಂದಿನ ದಿನ.

ಬೆಲೆ ಹೇಳಿಬಿಡುತ್ತೇನೆ. ತಿಂಗಳಿಗೆ ಒಬ್ಬರಿಗೆ 45 ರೂಪಾಯಿ. 186 ಜನಕ್ಕೆ 8,370, ಜಿಎಸ್‌ಟಿ 18% ಸೇರಿ 9,877. ಹಾಜರಿ ಯಂತ್ರದ ಖರ್ಚು ಬೇರೆ. ಸಾಹುಕಾರರು ಮೊದಲು ‘ಇಷ್ಟು ದುಡ್ಡಿಗೆ ಇನ್ನೊಬ್ಬ ಹುಡುಗನ್ನ ಇಟ್ಕೋಬಹುದಲ್ಲಮ್ಮ’ ಅಂದಿದ್ದರು. ಆ ದುಡ್ಡಿಗೆ ಕನಿಷ್ಠ ವೇತನಕ್ಕೂ ಆಗಲ್ಲ ಸಾರ್ ಅಂದೆ. ಸುಮ್ಮನಾದರು. ಮೊದಲು ನನಗೆ ಸಂಬಳದ ಕೆಲಸ ತಿಂಗಳಲ್ಲಿ ಏಳೆಂಟು ದಿನ ಹಿಡಿಯುತ್ತಿತ್ತು. ಈಗ ಎರಡೂವರೆ ದಿನ. ಪಿಎಫ್, ಇಎಸ್‌ಐ ಕಟ್ಟಲು 15ನೇ ತಾರೀಖು ಕೊನೆ. ನಾವು 8ಕ್ಕೆ ಮುಗಿಸುತ್ತೇವೆ.

ಸಹಾಯವಾಣಿಯಲ್ಲಿ ಕನ್ನಡ ಮಾತಾಡುವವರು ಇಬ್ಬರು ಇದ್ದಾರೆ. ಒಳ್ಳೆಯ ಮಕ್ಕಳು, ತಾಳ್ಮೆಯಿಂದ ಕೇಳುತ್ತಾರೆ. ಆದರೆ 1ನೇ ತಾರೀಖಿನಿಂದ 5ರವರೆಗೆ ಫೋನ್ ಸಿಗುವುದು ಕಷ್ಟ. ಎಲ್ಲರಿಗೂ ಅದೇ ದಿನ ಬೇಕಲ್ವಾ. ನಾನು ಈಗ 27ಕ್ಕೇ ಒಂದು ಸಲ ಕಚ್ಚಾ ಪಟ್ಟಿ ಮಾಡಿ, ಅನುಮಾನ ಇದ್ದದ್ದನ್ನು ಆಗಲೇ ಕೇಳಿಕೊಳ್ಳುತ್ತೇನೆ.

ಯಾರಿಗೆ ಇದು ಬೇಡ ಅಂತಲೂ ಹೇಳಬೇಕು. ನಿಮ್ಮಲ್ಲಿ ಹದಿನೈದು ಇಪ್ಪತ್ತು ಜನ ಇದ್ದು ಯಾರೂ ಜಾಗ ಬದಲಿಸದಿದ್ದರೆ ಒಂದು ಒಳ್ಳೆಯ ಎಕ್ಸೆಲ್ ಸಾಕು. ಒಂದೇ ಪಟ್ಟಿ ಇರಲಿ, ಬ್ರ್ಯಾಂಡ್ ಒಂದು ಕಾಲಂ ಆಗಿರಲಿ. ನಿಮ್ಮ ಬ್ರ್ಯಾಂಡ್‌ಗಳು ಬೇರೆ ಬೇರೆ ಕಂಪನಿ ಹೆಸರಲ್ಲಿ ನೋಂದಣಿ ಆಗಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದರೆ ನಿಜವಾಗಿಯೂ ಕೆಲಸ ಬಿಟ್ಟು ಸೇರಿದ ಹಾಗೆ. ಯುಎಎನ್ ಅದೇ ಇರುತ್ತದೆ, ಪಿಎಫ್ ಸದಸ್ಯ ಸಂಖ್ಯೆ ಹೊಸದು. ಅದಕ್ಕೆ ಈ ಸಾಫ್ಟ್‌ವೇರ್ ಸರಿಹೋಗುತ್ತಾ ಅಂತ ನಾನು ಬಳಸಿ ನೋಡಿಲ್ಲ.

ಈ ತಿಂಗಳು ಒಪ್ಪಂದ ನವೀಕರಿಸಬೇಕು. ನವೀಕರಿಸುತ್ತೇನೆ. ವಾರದ ಬಟವಾಡೆಯನ್ನು ಇದೇ ಬೆಲೆಗೆ ಸೇರಿಸಬೇಕು, ಆ್ಯಪ್ ಕನ್ನಡದಲ್ಲಿ ಬರಬೇಕು ಅಂತ ಬರೆದು ಕಳಿಸಿದ್ದೇನೆ. ಬಟವಾಡೆಗೆ ಹೂಂ ಅಂದಿದ್ದಾರೆ. ಆ್ಯಪ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ನೀವು ಯಾವುದೇ ಪೇರೋಲ್ ಡೆಮೊಗೆ ಕೂತರೂ ಅವರ ಮಾದರಿ ಲೆಕ್ಕ ನೋಡಬೇಡಿ. ನಿಮ್ಮದೇ ಮೂರು ಸಾಲು ಹಾಕಿಸಿ. ಒಂದು, 28,000 ಸಂಬಳದವರು ಅರ್ಧ ತಿಂಗಳು ಒಂದು ಬ್ರ್ಯಾಂಡ್, ಅರ್ಧ ಇನ್ನೊಂದು. ಕಡಿತಗಳು ಒಟ್ಟಿನ ಮೇಲೆ ಬರಬೇಕು. ಎರಡು, 20,500 ಇದ್ದವರಿಗೆ ಜೂನ್‌ನಲ್ಲಿ ಬ್ರ್ಯಾಂಡ್ ಬದಲಾಗಿ ಸಂಬಳ 22,000 ಆಯಿತು. 21,000 ದಾಟಿದರೂ ಇಎಸ್‌ಐ ಅಲ್ಲಿಗೇ ನಿಲ್ಲಬಾರದು, ಏಪ್ರಿಲ್‌ನಲ್ಲಿ ಶುರುವಾದ ವಂತಿಗೆ ಅವಧಿ ಮುಗಿಯುವ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 165ರಂತೆ ಹೋಗಬೇಕು, ಆಸ್ಪತ್ರೆ ಸೌಲಭ್ಯವೂ ಉಳಿಯಬೇಕು. ಮೂರನೆಯದು, ಜುಲೈ 13ಕ್ಕೆ ಬೇಕರಿಯಿಂದ ಮಸಾಲೆ ಘಟಕಕ್ಕೆ ಹೋದ ಹುಡುಗನ ಸಾಲು. ಅವನ ಹೆಸರಿನ ಮುಂದೆ ಇಎಸ್‌ಐ ದಿನಗಳ ಕಾಲಂನಲ್ಲಿ 25 ಅಂತ ಒಂದೇ ಅಂಕಿ ಕಾಣಬೇಕು.